ತಮ್ಮನ ಪ್ರಶ್ನೆ, ನನ್ನ ಮೂರು ಟ್ರ್ಯಾಕ್ಟರು

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಊರಿಂದ ತಮ್ಮನ ಫೋನು. ಅಡಿಕೆ ರೇಟು, ಕೊಳೆರೋಗ, ಅಮ್ಮನ ಮಂಡಿನೋವು ಎಲ್ಲ ಮುಗಿದ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದ. "ಅಣ್ಣಯ್ಯ, ಒಂದು ಮಿನಿ ಟ್ರ್ಯಾಕ್ಟರ್ ತಗೊಳ್ಳೋಣ ಅಂತ ಮಾಡಿದೀನಿ. ನೀನು ಅಲ್ಲಿ ಮೂರು ಟ್ರ್ಯಾಕ್ಟರ್ ಬದಲಾಯಿಸಿದೀಯಲ್ಲ, ಯಾವುದು ತಗೊಳ್ಳಲಿ ಹೇಳು."

ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ಬಾಯಿಗೆ ಬರಲಿಲ್ಲ. ಅವನು ಆ ಟ್ರ್ಯಾಕ್ಟರನ್ನು ಎಲ್ಲಿ ಓಡಿಸುತ್ತಾನೆ ಅಂತ ನನಗೆ ಗೊತ್ತು. ನಮ್ಮ ಮನೆಯಿಂದ ತೋಟಕ್ಕೆ ಇಳಿಯೋ ದಾರಿಯ ಒಂದು ಪಕ್ಕ ಧರೆ, ಇನ್ನೊಂದು ಪಕ್ಕ ಹಳ್ಳ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಗೊಬ್ಬರದ ಗಾಡಿ ಅಲ್ಲೇ ಮಗುಚಿತ್ತು. ಗಾಡಿ ಹೊಡೆಯುತ್ತಿದ್ದವನು ಹಾರಿಕೊಂಡ, ಎತ್ತಿನ ಕಾಲು ಹೋಯಿತು. ಟ್ರ್ಯಾಕ್ಟರು ಮಗುಚಿದರೆ ಹಾರಿಕೊಳ್ಳುವಷ್ಟು ಹೊತ್ತು ಸಿಗೋದಿಲ್ಲ. "ನಾಳೆ ಹೇಳ್ತೀನಿ ತಡಿ" ಅಂದೆ. ಆ "ನಾಳೆ" ಒಂದು ತಿಂಗಳಾಯಿತು. ಅವನಿಗೆ ಹೇಳಬೇಕೆಂದಿದ್ದದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಸ್ವಲ್ಪ ಉದ್ದವಾಗಿದೆ, ಟೀ ಮಾಡಿಕೊಂಡು ಕೂತು ಓದಿ.

ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ನಮ್ಮದು ಆರು ಎಕರೆ ಚಿಲ್ಲರೆ ಜಾಗ. ಜಮೀನು ಅನ್ನೋಕೆ ಸಂಕೋಚ, ಯಾಕಂದ್ರೆ ಬೆಳೆ ಅಂತ ಏನೂ ತೆಗೆಯೋದಿಲ್ಲ. ಹುಲ್ಲು ಕತ್ತರಿಸಬೇಕು, ಪೊದೆ ಸವರಬೇಕು, ಉದ್ದದ ಜಲ್ಲಿ ದಾರಿಯನ್ನು ಪ್ರತಿ ವರ್ಷ ಮಟ್ಟ ಮಾಡಬೇಕು, ಚಳಿಗಾಲದಲ್ಲಿ ಹಿಮ ತಳ್ಳಬೇಕು, ಬಿದ್ದ ಮರ ಎಳೆದು ಸೌದೆ ಮಾಡಬೇಕು. ಇಷ್ಟಕ್ಕೆ ಹುಲ್ಲು ಕತ್ತರಿಸುವ ಪುಟ್ಟ ಗಾಡಿ ಸಾಲದು, ದೊಡ್ಡ ಟ್ರ್ಯಾಕ್ಟರು ಅತಿಯಾಯಿತು. ನಡುವಿನದ್ದಕ್ಕೆ ಇಲ್ಲಿಯವರು ಕಾಂಪ್ಯಾಕ್ಟ್ ಟ್ರ್ಯಾಕ್ಟರ್ ಅಂತಾರೆ. ನಮ್ಮ ಕಡೆ ಅದೇ ಮಿನಿ ಟ್ರ್ಯಾಕ್ಟರು, ಹೆಚ್ಚು ಕಮ್ಮಿ.

ಒಂದನೆಯದು: ಬೂದು ಬಣ್ಣದ ಫೋರ್ಡ್

ನನ್ನ ಮೊದಲ ಟ್ರ್ಯಾಕ್ಟರು 1951ರ ಫೋರ್ಡ್ 8ಎನ್. ಬೂದು ಬಣ್ಣದ ಬಾನೆಟ್, ಕೆಂಪು ಹೊಟ್ಟೆ. ಪಕ್ಕದ ಜಾಗದ ಅಜ್ಜ ಮಾರಿದ್ದು. 8ಎನ್ ತಯಾರಾಗಿದ್ದು 1947ರಿಂದ 1952ರವರೆಗೆ ಮಾತ್ರ. ಆದರೂ ಐದು ಲಕ್ಷಕ್ಕೂ ಹೆಚ್ಚು ಮಾಡಿದ್ದರಿಂದ ಇವತ್ತಿಗೂ ಇಲ್ಲಿನ ಹಳ್ಳಿಗಳಲ್ಲಿ ಕೊಟ್ಟಿಗೆಗೊಂದು ಸಿಗುತ್ತೆ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ನಾಲ್ಕು ಗೇರು, ತೂಕ ಸುಮಾರು 1,100 ಕಿಲೋ. ಒಂದು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್ ಇದ್ದರೆ ಅರ್ಧ ರಿಪೇರಿ ಮನೆಯಲ್ಲೇ ಆಗುತ್ತೆ.

ಮನೆಗೆ ತಂದ ದಿನ ಹಿಂದೆ ಹೋಗಿ ನೋಡಿದವನು ಅಲ್ಲೇ ನಿಂತುಬಿಟ್ಟೆ. ಕೆಳಗೆ ಎರಡು ಕೈ, ಮೇಲೆ ಒಂದು ಕೈ. ಇದನ್ನು ನಾನು ಚಿಕ್ಕಂದಿನಲ್ಲೇ ನೋಡಿದ್ದೆ! 1980ರ ದಶಕದಲ್ಲಿ ನಮ್ಮ ಗದ್ದೆ ಉಳೋಕೆ ಪಕ್ಕದ ಊರಿನಿಂದ ಬಾಡಿಗೆಗೆ ಬರುತ್ತಿದ್ದ ಕೆಂಪು ಮ್ಯಾಸ್ಸಿ ಫರ್ಗುಸನ್ ಹಿಂದೆಯೂ ಇದೇ ಮೂರು ಕೈ. ನಾವು ಹುಡುಗರು ಟ್ರ್ಯಾಕ್ಟರಿಗಿಂತ ಹೆಚ್ಚಾಗಿ ಅದರ ನೇಗಿಲು ತಾನಾಗೇ ಮೇಲೇಳೋದನ್ನು ನೋಡೋಕೆ ಓಡುತ್ತಿದ್ದೆವು. ಎಲ್ಲಿಯ ತೀರ್ಥಹಳ್ಳಿ ಕಡೆಯ ಗದ್ದೆ, ಎಲ್ಲಿಯ ಪೆನ್ಸಿಲ್ವೇನಿಯಾ! ಎರಡಕ್ಕೂ ಮೂಲ ಒಬ್ಬನೇ ಮನುಷ್ಯ, ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗುಸನ್.

ಆತನ ಕಥೆಗೆ ಮೊದಲು ಫೋರ್ಡ್‌ಸನ್ ಕಥೆ ಹೇಳಬೇಕು. ಟ್ರ್ಯಾಕ್ಟರ್ ಅಂದರೆ ಹತ್ತು ಟನ್ ತೂಗುವ ಕಬ್ಬಿಣದ ಗುಡ್ಡ ಅನ್ನೋ ಕಾಲ ಅದು. ತೂಕ ಯಾಕೆ ಅಂದ್ರೆ, ನೇಗಿಲು ಎಳೆಯೋಕೆ ಚಕ್ರ ನೆಲವನ್ನು ಕಚ್ಚಬೇಕು, ಕಚ್ಚೋಕೆ ಭಾರ ಬೇಕು. ಹೆನ್ರಿ ಫೋರ್ಡ್ 1917ರಲ್ಲಿ ಫೋರ್ಡ್‌ಸನ್ ಅಂತ ಒಂದು ಹಗುರ ಟ್ರ್ಯಾಕ್ಟರು ತಂದ. ಸುಮಾರು 1,200 ಕಿಲೋ, 20 ಎಚ್‌ಪಿ. 1922ರಲ್ಲಿ ಬೆಲೆಯನ್ನು 395 ಡಾಲರಿಗೆ ಇಳಿಸಿದ. ಲಕ್ಷಗಟ್ಟಲೆ ಹೋಯಿತು. ಮೊದಲ ಬಾರಿಗೆ ಸಣ್ಣ ರೈತನ ಮನೆಗೆ ಟ್ರ್ಯಾಕ್ಟರು ಬಂದದ್ದು ಹಾಗೆ.

ಆದರೆ ಹಗುರ ಟ್ರ್ಯಾಕ್ಟರಿಗೆ ಒಂದು ಕೆಟ್ಟ ಗುಣ ಇತ್ತು. ನೇಗಿಲನ್ನು ಹಿಂದೆ ಸರಪಳಿಯಲ್ಲೋ ಹುಕ್ಕಿನಲ್ಲೋ ಕಟ್ಟಿ ಎಳೆಯುವಾಗ ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡಿತು ಅನ್ನಿ. ಎಂಜಿನ್ ನಿಲ್ಲೋದಿಲ್ಲ. ಹಿಂದಿನ ಚಕ್ರ ಮುಂದೆ ಹೋಗೋಕೆ ಆಗೋದಿಲ್ಲ. ಹಾಗಾದ್ರೆ ಆ ಶಕ್ತಿ ಎಲ್ಲಿಗೆ ಹೋಗಬೇಕು? ಚಕ್ರ ತಿರುಗುವ ಬದಲು ಟ್ರ್ಯಾಕ್ಟರಿನ ಮೈಯೇ ಹಿಂದಿನ ಆಕ್ಸಲ್ಲಿನ ಸುತ್ತ ತಿರುಗುತ್ತೆ. ಕುದುರೆ ಮುಂಗಾಲೆತ್ತಿದ ಹಾಗೆ ಮೂತಿ ಮೇಲೆದ್ದು, ಓಡಿಸುವವನ ಮೇಲೇ ಹಿಂದಕ್ಕೆ ಮಗುಚುತ್ತೆ. ಇಲ್ಲಿನ ಕೃಷಿ ಇಲಾಖೆಗಳು ಹೇಳುವ ಲೆಕ್ಕದ ಪ್ರಕಾರ ಮುಂದಿನ ಚಕ್ರ ಎದ್ದ ಮೇಲೆ ಸುಮಾರು ಮುಕ್ಕಾಲು ಸೆಕೆಂಡಿನೊಳಗೆ ಕ್ಲಚ್ ತುಳಿಯದಿದ್ದರೆ ಮುಗಿಯಿತು, ಒಂದೂವರೆ ಸೆಕೆಂಡಿನಲ್ಲಿ ಎಲ್ಲ ಆಗಿಹೋಗುತ್ತೆ. "ಏನಾಯ್ತು" ಅಂತ ಯೋಚಿಸೋಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಫೋರ್ಡ್‌ಸನ್ ಹೀಗೆ ಜನರನ್ನು ಕೊಲ್ಲುತ್ತೆ ಅನ್ನೋ ಹೆಸರು ಆಗಲೇ ಹಬ್ಬಿತ್ತು. ಕೊನೆಗೆ ಹಿಂದಿನ ಮಡ್‌ಗಾರ್ಡನ್ನೇ ಉದ್ದ ಮಾಡಿ ನೆಲದ ಕಡೆ ಚಾಚಿದರು, ಮೂತಿ ಎದ್ದರೆ ಅದು ನೆಲಕ್ಕೆ ತಾಗಿ ತಡೆಯಲಿ ಅಂತ.

ಫರ್ಗುಸನ್ ಬೆಲ್‌ಫಾಸ್ಟಿನಲ್ಲಿ ಗ್ಯಾರೇಜ್ ಇಟ್ಟಿದ್ದವನು. ತಾನೇ ವಿಮಾನ ಕಟ್ಟಿ 1909ರ ಡಿಸೆಂಬರ್ 31ರಂದು ಐರ್ಲೆಂಡಿನಲ್ಲಿ ಮೊದಲ ಹಾರಾಟ ಮಾಡಿದ ಆಸಾಮಿ! 1917ರಲ್ಲಿ, ಯುದ್ಧದ ಕಾಲದಲ್ಲಿ, ಅಲ್ಲಿನ ಸರ್ಕಾರ ಟ್ರ್ಯಾಕ್ಟರು ಉಳುಮೆ ಸುಧಾರಿಸಪ್ಪಾ ಅಂತ ಈತನನ್ನು ಹಳ್ಳಿಗಳಿಗೆ ಕಳಿಸಿತು. ಊರೂರು ಸುತ್ತಿ ನೋಡಿದವನಿಗೆ ಹೊಳೆದದ್ದು ಇದು: ಟ್ರ್ಯಾಕ್ಟರ್ ಬೇರೆ, ನೇಗಿಲು ಬೇರೆ ಅಂತ ಇರೋದೇ ತಪ್ಪು. ಎರಡನ್ನೂ ಒಂದೇ ಯಂತ್ರ ಮಾಡಬೇಕು.

ಅಲ್ಲಿಂದ ಬಂದದ್ದು ಆ ಮೂರು ಕೈ. ಕೆಳಗಿನ ಎರಡು ಕೈ ನೇಗಿಲನ್ನು ಎಳೆಯುತ್ತವೆ. ಮೇಲಿನ ಒಂಟಿ ಕೈ, ಅಂದ್ರೆ ನಮ್ಮವರು ಟಾಪ್ ಲಿಂಕ್ ಅನ್ನೋದು, ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತುತ್ತೆ. ನೇಗಿಲಿಗೆ ನೆಲ ಗಟ್ಟಿ ಸಿಕ್ಕಿದಷ್ಟೂ ಆ ಒತ್ತು ಹೆಚ್ಚಿ, ಮೂತಿ ಮೇಲೇಳೋ ಬದಲು ಕೆಳಗೇ ಕೂರುತ್ತೆ. ಒತ್ತು ಹೆಚ್ಚಾದದ್ದನ್ನು ಹೈಡ್ರಾಲಿಕ್ಕು ಗುರುತಿಸಿ ನೇಗಿಲನ್ನು ತುಸು ಎತ್ತುತ್ತೆ, ನೇಗಿಲಿನ ಭಾರ ಹಿಂದಿನ ಚಕ್ರದ ಮೇಲೆ ಬೀಳುತ್ತೆ. ಭಾರ ಬೇಕಾದಾಗ ನೆಲದಿಂದಲೇ ಸಾಲ ತಗೊಂಡ ಹಾಗೆ. ನೇಗಿಲು ಬಂಡೆಗೆ ಸಿಕ್ಕಿಕೊಂಡರೆ ಆ ಸಾಲ ತಟ್ಟನೆ ಹೋಗಿ ಚಕ್ರ ಸುಮ್ಮನೆ ನೆಲದಲ್ಲಿ ಕೊರೆಯುತ್ತೆ, ಟ್ರ್ಯಾಕ್ಟರು ಮಗುಚೋದಿಲ್ಲ. ಹಗುರವಾಗಿಯೂ ಇರಬೇಕು, ಓಡಿಸುವವನನ್ನು ಕೊಲ್ಲಲೂಬಾರದು. ಎರಡನ್ನೂ ಒಂದೇ ಏಟಿಗೆ ಸಾಧಿಸಿದ.

1938ರ ಅಕ್ಟೋಬರಿನಲ್ಲಿ ಫರ್ಗುಸನ್ ಅಮೆರಿಕಕ್ಕೆ ಬಂದು ಡಿಯರ್‌ಬಾರ್ನಿನಲ್ಲಿ ಹೆನ್ರಿ ಫೋರ್ಡ್ ಮುಂದೆ ಉತ್ತು ತೋರಿಸಿದ. ಆಮೇಲೆ ಒಂದು ಮೇಜು ಹಾಕಿಸಿ ಆಟಿಕೆಯಂಥ ಮಾದರಿಯಲ್ಲಿ ವಿವರಿಸಿದ. ಇಬ್ಬರೂ ಕೈ ಕುಲುಕಿದರು, ಅಷ್ಟೇ. ಕಾಗದ ಇಲ್ಲ, ವಕೀಲರಿಲ್ಲ. 1939ರ ಜೂನ್ 29ರಂದು ಫೋರ್ಡ್ 9ಎನ್ ಬಿಡುಗಡೆ ಆಯಿತು. ಆ ದಿನ ಜನರ ಮುಂದೆ ಅದರಲ್ಲಿ ಉತ್ತದ್ದು ಎಂಟು ವರ್ಷದ ಒಬ್ಬ ಹುಡುಗ. ಇವತ್ತು ಯಾರೂ ಹಾಗೆ ಹುಡುಗನನ್ನು ಕೂರಿಸೋದಿಲ್ಲ, ಕೂರಿಸಲೂಬಾರದು. ಆದರೆ ಜನಕ್ಕೆ ಏನು ಹೇಳಬೇಕಿತ್ತೋ ಅದು ತಲುಪಿತು.

ಕಾಗದ ಇಲ್ಲದ ಒಪ್ಪಂದದ ಗತಿ ಏನಾಗುತ್ತೆ ಅಂತ ನಮ್ಮ ಕಡೆ ಪಾಲಾದ ಮನೆಗಳಲ್ಲಿ ಕೇಳಿದರೆ ಹೇಳ್ತಾರೆ. ಮುದುಕ ಫೋರ್ಡ್ ಹಿಂದೆ ಸರಿದು ಮೊಮ್ಮಗ ಬಂದ ಮೇಲೆ ಕಂಪನಿ ಒಪ್ಪಂದ ಮುರಿದುಕೊಂಡಿತು. 1947ರಲ್ಲಿ ಅದೇ ಮೂರು ಕೈ ಇಟ್ಟುಕೊಂಡು 8ಎನ್ ತಂದಿತು. ಹೌದು, ನನ್ನ ಕೊಟ್ಟಿಗೆಯಲ್ಲಿದ್ದದ್ದು ಆ ಜಗಳದ ಕೂಸೇ! ಫರ್ಗುಸನ್ 1948ರಲ್ಲಿ 25 ಕೋಟಿ ಡಾಲರಿಗೂ ಮಿಕ್ಕಿ ಕೇಳಿ ದಾವೆ ಹೂಡಿದ. 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಅಷ್ಟರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಫರ್ಗುಸನ್ ತನ್ನದೇ ಟಿಇ-20 ತಯಾರಿಸಿ 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಹೆಚ್ಚು ಮಾರಿದ್ದಾಯಿತು. ಎವರೆಸ್ಟಿನ ಹಿಲರಿ 1958ರ ಜನವರಿಯಲ್ಲಿ ದಕ್ಷಿಣ ಧ್ರುವ ತಲುಪಿದ್ದು ಈ ಫರ್ಗುಸನ್ ಟ್ರ್ಯಾಕ್ಟರುಗಳಲ್ಲೇ. 1953ರಲ್ಲಿ ಫರ್ಗುಸನ್ ತನ್ನ ಕಂಪನಿಯನ್ನು ಮ್ಯಾಸ್ಸಿ-ಹ್ಯಾರಿಸ್ ಜೊತೆ ಸೇರಿಸಿದ. ಆ ಹೆಸರೇ ಮ್ಯಾಸ್ಸಿ ಫರ್ಗುಸನ್ ಆಗಿ, 1960ರ ದಶಕದಲ್ಲಿ ಮದ್ರಾಸಿನ ಟಾಫೆ ಮೂಲಕ ನಮ್ಮ ಗದ್ದೆಗಳಿಗೆ ಬಂತು.

ಅಜ್ಜ ಹೇಳಿದ್ದು, ನಾನು ಕೇಳದ್ದು

ಟ್ರ್ಯಾಕ್ಟರು ಕೊಡುವಾಗ ಪಕ್ಕದ ಅಜ್ಜ ಎರಡು ಮಾತು ಹೇಳಿದ್ದರು. ಒಂದು, ಮರ ಎಳೆಯುವಾಗ ಸರಪಳಿಯನ್ನು ಕೆಳಗಿನ ಹುಕ್ಕಿಗೆ ಮಾತ್ರ ಕಟ್ಟು, ಆಕ್ಸಲ್ಲಿಗೋ ಅದಕ್ಕಿಂತ ಮೇಲಕ್ಕೋ ಯಾವತ್ತೂ ಕಟ್ಟಬೇಡ. ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, ಅವರ ಅಣ್ಣ ಹೋದದ್ದು ಹಾಗೆ, ಬೇರೊಂದು ಟ್ರ್ಯಾಕ್ಟರಿನಲ್ಲಿ, ಒಂದು ದಿಮ್ಮಿ ಎಳೆಯುವಾಗ. ನೇಗಿಲಿಗೆ ಕಾಯುವ ಫರ್ಗುಸನ್ನನ ಮೂರು ಕೈ, ಆಕ್ಸಲ್ಲಿಗೆ ಕಟ್ಟಿದ ಸರಪಳಿಗೆ ಏನೂ ಮಾಡಲಾರದು.

ಇನ್ನೊಂದು, ಸ್ಲ್ಯಾಷರ್ ಹಾಕುವಾಗ ಮೊದಲು ಪಿಟಿಓ ಶಾಫ್ಟಿಗೆ ಒಮ್ಮುಖ ಕಪ್ಲಿಂಗ್ ಹಾಕಿಕೋ ಅಂತ. ಆ ಕಾಲದ ಟ್ರ್ಯಾಕ್ಟರುಗಳಲ್ಲಿ ಚಕ್ರಕ್ಕೂ ಪಿಟಿಓಗೂ ಒಂದೇ ಕ್ಲಚ್ಚು, ಎರಡೂ ಗೇರುಗಳ ಮೂಲಕ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಕ್ಲಚ್ ತುಳಿದರೂ ಹಿಂದೆ ತಿರುಗುತ್ತಿರುವ ಭಾರದ ಬ್ಲೇಡು ನಿಲ್ಲೋವರೆಗೆ ಚಕ್ರವನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತೆ. ನನಗೆ ಅದೆಲ್ಲ ಮುದುಕರ ಅತಿ ಜಾಗ್ರತೆ ಅನ್ನಿಸಿತು. ಮುಂದಿನ ವಾರ ತರಿಸಿದರಾಯಿತು ಅಂದುಕೊಂಡು ಒಂದು ಶನಿವಾರ ಇಳಿಜಾರಿನಲ್ಲಿ ಪೊದೆ ಸವರುತ್ತ ಬಂದೆ. ಬೇಲಿ ಹತ್ತಿರ ಕ್ಲಚ್ ತುಳಿದೆ. ಟ್ರ್ಯಾಕ್ಟರು ನಿಲ್ಲಲಿಲ್ಲ. ಬ್ರೇಕ್ ಒತ್ತಿದೆ, ಆಗಲೂ ನಿಲ್ಲಲಿಲ್ಲ. ಬೇಲಿಯ ಎರಡು ಕಂಬ ಮುರಿದುಕೊಂಡು ಹೋಗಿ ಕಾಲುವೆಯ ಅಂಚಿನಲ್ಲಿ ನಿಂತಿತು. ಇಳಿದಾಗ ನನ್ನ ಮೊಣಕಾಲು ನಡುಗುತ್ತಿತ್ತು. ಟ್ರ್ಯಾಕ್ಟರಿನದ್ದೇನೂ ತಪ್ಪಿಲ್ಲ, ಗೊತ್ತಿದ್ದವರು ಹೇಳಿದ್ದನ್ನು ಕೇಳದಿದ್ದದ್ದು ನಾನು. ಆ ಕಪ್ಲಿಂಗ್ ಸೋಮವಾರವೇ ಬಂತು. ಹೆಂಡತಿಗೆ ಬೇಲಿ ಯಾಕೆ ಮುರಿಯಿತು ಅಂತ ಪೂರ್ತಿ ಹೇಳಿದ್ದು ಎರಡು ವರ್ಷ ಬಿಟ್ಟು!

ಎರಡನೆಯದು: ಜಪಾನಿನ ಗದ್ದೆಯಿಂದ

ಎರಡನೆಯದ್ದು ಹಳೆಯ ಜಪಾನಿ ಟ್ರ್ಯಾಕ್ಟರು. ಹೆಸರು ಬೇಡ. ಡೀಸೆಲ್, ನಾಲ್ಕೂ ಚಕ್ರಕ್ಕೆ ಶಕ್ತಿ, ಫೋರ್ಡಿಗಿಂತ ಗಾತ್ರದಲ್ಲೂ ತೂಕದಲ್ಲೂ ಚಿಕ್ಕದು. ಆದರೆ ಕೆಸರಿನಲ್ಲಿ ಫೋರ್ಡು ಒದ್ದಾಡುತ್ತಿದ್ದ ಕಡೆ ಇದು ಎಮ್ಮೆ ಹಾಗೆ ನಡೆದು ಹೋಗುತ್ತಿತ್ತು. ಇಷ್ಟು ಹಗುರದ್ದು ಇಷ್ಟು ಕೆಲಸ ಹೇಗೆ ಮಾಡುತ್ತೆ ಅನ್ನೋದಕ್ಕೆ ಉತ್ತರ ಜಪಾನಿನ ಗದ್ದೆಯಲ್ಲಿದೆ.

ಎರಡನೇ ಮಹಾಯುದ್ಧದ ನಂತರ ಅಲ್ಲಿ ಭೂಸುಧಾರಣೆ ಆಗಿ ಉಳುವವನೇ ಒಡೆಯನಾದ. ಒಬ್ಬೊಬ್ಬನಿಗೆ ಸರಾಸರಿ ಒಂದು ಹೆಕ್ಟೇರಿನ ಆಸುಪಾಸು, ಅದೂ ಭತ್ತದ ಕೆಸರುಗದ್ದೆ. ಅಲ್ಲಿಗೆ ಅಮೆರಿಕದ ಟ್ರ್ಯಾಕ್ಟರು ಹೋದರೆ ಹೂತುಕೊಳ್ಳುತ್ತೆ. ಮೊದಲು ಕೈಯಲ್ಲಿ ಹಿಡಿದು ನಡೆಸುವ ಪವರ್ ಟಿಲ್ಲರ್ ಬಂತು, ಆಮೇಲೆ ಕೂತು ಓಡಿಸುವ ಸಣ್ಣ ಟ್ರ್ಯಾಕ್ಟರು. ಎರಡರಲ್ಲೂ ಕೆಲಸ ಮಾಡೋದು ನೇಗಿಲಲ್ಲ, ತಿರುಗುವ ಬ್ಲೇಡು, ಅಂದ್ರೆ ನಮ್ಮವರ ರೋಟವೇಟರ್. ಅದರ ಮೂಲ ಆಸ್ಟ್ರೇಲಿಯಾದ್ದು, ಕ್ಲಿಫ್ ಹೊವಾರ್ಡ್ ಅನ್ನೋ ಹುಡುಗ 1912ರಲ್ಲಿ ಅಪ್ಪನ ಹೊಲದಲ್ಲಿ ಮಾಡಿ ನೋಡಿದ್ದು. ಎಳೆಯೋ ನೇಗಿಲಿಗೆ ಭಾರ ಬೇಕು. ತಿರುಗೋ ಬ್ಲೇಡಿಗೆ ಬೇಡ. ಶಕ್ತಿ ಪಿಟಿಓ ಮೂಲಕ ನೇರ ಮಣ್ಣಿಗೆ ಹೋಗುತ್ತೆ, ಬ್ಲೇಡು ಮಣ್ಣನ್ನು ಹಿಂದಕ್ಕೆ ಒದೆಯುತ್ತ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತೆ. ಫರ್ಗುಸನ್ ಭಾರವನ್ನು ಸಾಲ ತಂದ. ಜಪಾನಿನವರು ಭಾರದ ಅಗತ್ಯವನ್ನೇ ಕಮ್ಮಿ ಮಾಡಿದರು.

ಕುಬೋಟಾ 1890ರಲ್ಲಿ ಒಸಾಕಾದಲ್ಲಿ ಎರಕದ ಕೆಲಸದಿಂದ ಶುರುವಾಗಿ ನೀರಿನ ಪೈಪು ಮಾಡುತ್ತಿದ್ದ ಕಂಪನಿ. 1960ರಲ್ಲಿ 15 ಎಚ್‌ಪಿಯ ಟಿ-15 ತಂದಿತು. 1969ರಲ್ಲಿ 21 ಎಚ್‌ಪಿಯ ಎಲ್-200 ಅಮೆರಿಕಕ್ಕೆ ಬಂತು. ಆಗ ಇಲ್ಲಿ ಹೊಲಗಳು ದೊಡ್ಡದಾಗುತ್ತ ಹೋಗಿ, ಇಲ್ಲಿನ ಕಂಪನಿಗಳು ನೂರು, ನೂರೈವತ್ತು ಎಚ್‌ಪಿ ಅಂತ ಮೇಲೆ ಮೇಲೆ ಹೋಗುತ್ತಿದ್ದವು. ಹಳೇ 8ಎನ್ ಜಾಗ ಖಾಲಿ ಬಿದ್ದಿತ್ತು. ಅದೇ ಹೊತ್ತಿಗೆ ಪೇಟೆಯಲ್ಲಿ ಕೆಲಸ, ಹಳ್ಳಿಯಲ್ಲಿ ಐದಾರು ಎಕರೆ ಜಾಗ ಅನ್ನೋ ನನ್ನಂಥವರು ಹೆಚ್ಚುತ್ತಿದ್ದರು. ಭತ್ತದ ಗದ್ದೆಗೆಂದು ಹುಟ್ಟಿದ ಯಂತ್ರ ಹುಲ್ಲು ಕತ್ತರಿಸೋಕೆ, ಹಿಮ ತಳ್ಳೋಕೆ ಹೇಳಿ ಮಾಡಿಸಿದ ಹಾಗೆ ಒಗ್ಗಿತು. ಅಮೆರಿಕದ ಕಂಪನಿಗಳು ತಾವು ಮಾಡೋದಕ್ಕಿಂತ ಜಪಾನಿನಲ್ಲಿ ಮಾಡಿಸಿ ತಮ್ಮ ಬಣ್ಣ ಬಳಿಯೋದೇ ಸುಲಭ ಅಂದುಕೊಂಡವು. ಫೋರ್ಡ್ 1970ರ ದಶಕದಲ್ಲಿ ಮಾರಿದ ಸಣ್ಣ ಟ್ರ್ಯಾಕ್ಟರು ಶಿಬೌರಾದ್ದು. ಜಾನ್ ಡಿಯರ್ ಅದೇ ದಶಕದ ಕೊನೆಗೆ ತಂದ 850 ಮತ್ತು 950 ಯಾನ್ಮಾರದ್ದು.

ಅಂದ ಹಾಗೆ, ಆ ಯಂತ್ರಗಳ ದಾಯಾದಿಗಳು ನಮ್ಮ ನಾಡಿಗೂ ಆಗಲೇ ಬಂದಾಗಿತ್ತು. ಬೆಂಗಳೂರಿನಲ್ಲಿ ವಿ.ಎಸ್.ಟಿ. ಟಿಲ್ಲರ್ಸ್ ಶುರುವಾದದ್ದು 1967ರಲ್ಲಿ, ಮಿತ್ಸುಬಿಷಿ ಜೊತೆಗೂಡಿ. ಕೇರಳದ ಕ್ಯಾಮ್ಕೋ ಟಿಲ್ಲರ್ 1973ರಿಂದ, ಕುಬೋಟಾ ತಂತ್ರಜ್ಞಾನದ್ದು. ನಮ್ಮ ಗದ್ದೆಯಲ್ಲಿ ಎತ್ತಿನ ಜಾಗಕ್ಕೆ ಬಂದದ್ದು ಟ್ರ್ಯಾಕ್ಟರಲ್ಲ, ಟುಕು ಟುಕು ಅನ್ನುವ ಟಿಲ್ಲರು. ಅಪ್ಪ ದಿನವಿಡೀ ಅದರ ಹಿಂದೆ ಕೆಸರಿನಲ್ಲಿ ನಡೆದು ಬಂದು, ರಾತ್ರಿ ಊಟಕ್ಕೆ ಕೂತಾಗ ಕೈ ಇನ್ನೂ ಅದುರುತ್ತಿದ್ದದ್ದು ನೆನಪಿದೆ.

ಮತ್ತೆ ನನ್ನ ಎರಡನೇ ಟ್ರ್ಯಾಕ್ಟರಿಗೆ ಬರೋಣ. ಅದು ಜಪಾನಿನಲ್ಲೇ ಓಡಿಸೋಕೆ ಮಾಡಿದ್ದು. ಅಲ್ಲಿ ಬಳಸಿ ಬಿಟ್ಟದ್ದನ್ನು ಯಾರೋ ಕಂಟೇನರಿನಲ್ಲಿ ತರಿಸಿ ಬಣ್ಣ ಹೊಡೆದು ಮಾರಿದ್ದರು. ಇಂಥವನ್ನು ಇಲ್ಲಿ ಗ್ರೇ ಮಾರ್ಕೆಟ್ ಅಂತಾರೆ. ಅಗ್ಗ ಅಂತ ತಗೊಂಡೆ. ಮೈಮೇಲಿದ್ದ ಸೂಚನೆಯೆಲ್ಲ ಜಪಾನಿ ಲಿಪಿ. ಯಾವ ಲಿವರ್ ಏನು ಅಂತ ಎಳೆದು ನೋಡಿ ಕಲಿತೆ, ಒಂದು ಸಲ ಪಿಟಿಓ ಲಿವರನ್ನು ಗೇರ್ ಅಂದುಕೊಂಡಿದ್ದೂ ಆಯಿತು. ಹಿಂದೆ ಏನೂ ಕಟ್ಟಿರಲಿಲ್ಲ, ಪುಣ್ಯ.

ಆಮೇಲೆ ಓದುತ್ತ ಹೋದಾಗ ಗೊತ್ತಾಯಿತು, ಇದೇ ವಿಷಯಕ್ಕೆ ದೊಡ್ಡ ಕೇಸೇ ನಡೆದಿದೆ. ಹೀಗೆ ಹಳೇ ಕುಬೋಟಾಗಳನ್ನು ತರಿಸೋದರ ವಿರುದ್ಧ ಆ ಕಂಪನಿ ದೂರು ಕೊಟ್ಟು, ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ 1997ರಲ್ಲಿ ಅವುಗಳನ್ನು ತಡೆಯಿತು. 1999ರಲ್ಲಿ ಮೇಲಿನ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಎರಡೂ ಅದೇ ಕಂಪನಿಯ ಟ್ರ್ಯಾಕ್ಟರು, ಅದೇ ಹೆಸರು, ಮತ್ತೆ ಏನು ತೊಂದರೆ? ಕೋರ್ಟು ಪಟ್ಟಿ ಮಾಡಿದ ವ್ಯತ್ಯಾಸಗಳಲ್ಲಿ ಒಂದು, ಎಚ್ಚರಿಕೆಯ ಚೀಟಿಗಳು ಇಂಗ್ಲಿಷಿನಲ್ಲಿ ಇಲ್ಲ ಅನ್ನೋದು! ಕಂಪನಿಗೆ ಅದರ ವ್ಯಾಪಾರ ಮುಖ್ಯ ಇದ್ದಿರಬಹುದು, ಇಲ್ಲ ಅನ್ನೋದಿಲ್ಲ. ಆದರೆ ಆ ಲಿವರ್ ಎಳೆದವನಿಗೆ ಇದು ಸಣ್ಣ ವಿಷಯ ಅನ್ನಿಸಲಿಲ್ಲ. ಎಚ್ಚರಿಕೆಯನ್ನು ಓಡಿಸುವವನ ಭಾಷೆಯಲ್ಲಿ ಬರೆಯಬೇಕು. ನಮ್ಮ ಕಡೆ ಮಾರುವ ಯಂತ್ರಗಳ ಮೇಲೆ ಕನ್ನಡದಲ್ಲಿ ಎಷ್ಟು ಬರೆದಿರುತ್ತೆ, ನೀವೇ ಒಮ್ಮೆ ಹೋಗಿ ನೋಡಿ.

ಮೂರನೆಯದು: ಬೆನ್ನ ಹಿಂದಿನ ಕಮಾನು

ಮೂರನೆಯದ್ದು ಹೊಸದು, ಕಿತ್ತಳೆ ಬಣ್ಣದ ಸಣ್ಣ ಕುಬೋಟಾ. ಮುಂದೆ ಲೋಡರ್ ಬಕೆಟ್, ಗೇರಿನ ಬದಲು ಕಾಲಲ್ಲಿ ಒತ್ತುವ ಹೈಡ್ರೋಸ್ಟ್ಯಾಟಿಕ್ ಪೆಡಲ್. ಮೂರನ್ನೂ ಹೋಲಿಸಿದರೆ ನನ್ನ ಲೆಕ್ಕ ಹೀಗೆ. ರಿಪೇರಿಯ ಸುಲಭ, ನೋಡುವ ಚೆಂದ, ನೇಗಿಲು ಎಳೆಯುವ ಗತ್ತು ಎಲ್ಲ ಫೋರ್ಡಿಗೆ. ಕೊಟ್ಟ ದುಡ್ಡಿಗೆ ಕೆಲಸ ಜಪಾನಿ ಹಳೇದರಲ್ಲಿ. ದಿನದ ಕೆಲಸ, ಅಂದ್ರೆ ನೂರು ಸಲ ಹಿಂದೆ ಮುಂದೆ ಹೋಗಿ ಜಲ್ಲಿ ಹರಡೋದು, ಹಿಮ ತೆಗೆಯೋದು, ಅದಕ್ಕೆ ಹೊಸದರ ಹತ್ತಿರ ಬೇರೆ ಯಾವುದೂ ಬರೋದಿಲ್ಲ. ಆದರೆ ನಾನು ಸಾಲ ಮಾಡಿ ಅದನ್ನು ತಂದದ್ದು ಪೆಡಲಿಗಾಗಲೀ ಬಕೆಟ್ಟಿಗಾಗಲೀ ಅಲ್ಲ. ಸೀಟಿನ ಹಿಂದಿರುವ ಕಮಾನಿಗೆ.

ಇಲ್ಲಿಯವರು ರೋಪ್ಸ್ ಅಂತಾರೆ. ಟ್ರ್ಯಾಕ್ಟರು ಮಗುಚಿದರೂ ಅದರ ಭಾರವನ್ನು ತಾನು ಹೊತ್ತು, ಓಡಿಸುವವನ ಸುತ್ತ ಒಂದಿಷ್ಟು ಜಾಗ ಉಳಿಸುವ ಉಕ್ಕಿನ ಕಮಾನು. ಹೊಸ ಟ್ರ್ಯಾಕ್ಟರಿಗೆ ಇದು ಕಡ್ಡಾಯ ಅಂತ ಸ್ವೀಡನ್ 1959ರಲ್ಲೇ ಕಾನೂನು ಮಾಡಿತು, ಅಲ್ಲಿ ಮಗುಚಿ ಸಾಯುವುದು ಹೆಚ್ಚುಕಮ್ಮಿ ನಿಂತೇ ಹೋಯಿತು. ಅಮೆರಿಕದಲ್ಲಿ 1976ರಲ್ಲಿ ನಿಯಮ ಬಂದರೂ ಕೂಲಿಯವರು ಓಡಿಸುವ ಹೊಸ ಟ್ರ್ಯಾಕ್ಟರಿಗೆ ಮಾತ್ರ, ತನ್ನ ಹೊಲದಲ್ಲಿ ತಾನೇ ಓಡಿಸುವವನಿಗಲ್ಲ. 1985ರಿಂದ ಕಂಪನಿಗಳೇ ಒಪ್ಪಿ 20 ಎಚ್‌ಪಿ ಮೇಲಿನ ಎಲ್ಲದಕ್ಕೂ ಹಾಕತೊಡಗಿದವು. ಸೀಟ್‌ಬೆಲ್ಟ್ ಜೊತೆ ಬಳಸಿದರೆ ನೂರಕ್ಕೆ 99 ಸಲ ಜೀವ ಉಳಿಯುತ್ತೆ ಅನ್ನೋದು ಇಲ್ಲಿನ ಸರ್ಕಾರಿ ಸಂಸ್ಥೆಗಳ ಮಾತು. ಬೆಲ್ಟ್ ಇಲ್ಲದಿದ್ದರೆ ಕಮಾನಿನ ಕೆಳಗಿರಬೇಕಾದವನು ಹೊರಗೆ ಬಿದ್ದು, ಅದೇ ಕಮಾನಿನ ಅಡಿಗೆ ಸಿಗಬಹುದು.

ನನ್ನ ಕೊಟ್ಟಿಗೆಯ ಬಾಗಿಲು ಗಿಡ್ಡ. ಒಳಗೆ ನಿಲ್ಲಿಸೋಕೆ ಕಮಾನು ಮಡಚಬೇಕು. ಮಡಚಿದೆ. ಮಾರನೇ ದಿನ ಮತ್ತೆ ಎತ್ತೋಕೆ ಬೇಜಾರು, ಎರಡು ಪಿನ್ನು ತೆಗೆಯಬೇಕಲ್ಲ! ಹಾಗೇ ಆರು ವಾರ ಮಡಚಿಕೊಂಡೇ ಓಡಿಸಿದೆ. ಒಂದು ದಿನ ಪಕ್ಕದ ಅಜ್ಜ ಬೇಲಿ ಆಚೆ ನಿಂತು ನೋಡುತ್ತಿದ್ದರು. ಏನೂ ಹೇಳಲಿಲ್ಲ. ಅವರ ಅಣ್ಣನ ನೆನಪಾಯಿತು. ಆ ಸಂಜೆಯೇ ಕೊಟ್ಟಿಗೆಯ ಬಾಗಿಲಿನ ಮೇಲಿನ ಹಲಗೆ ಬಿಚ್ಚಿ ಒಂದಡಿ ಎತ್ತರ ಮಾಡಿಸುವುದು ಅಂತ ತೀರ್ಮಾನಿಸಿದೆ. ಈಗ ಕಮಾನು ಸದಾ ನಿಂತೇ ಇರುತ್ತೆ.

ತಮ್ಮನಿಗೆ ಹೇಳಿದ್ದು

ಕೊನೆಗೆ ಫೋನು ಮಾಡಿದೆ. "ಎಷ್ಟು ಎಚ್‌ಪಿ ಅಂತ ಮೊದಲು ಕೇಳಬೇಡ, ಎಷ್ಟು ಅಗಲ ಅಂತ ಕೇಳು" ಅಂದೆ. ಒಂಬತ್ತು ಅಡಿ ಅಂತರದ ಅಡಿಕೆ ಸಾಲಿನಲ್ಲಿ ಮಿನಿ ಟ್ರ್ಯಾಕ್ಟರು ಹೋಗುತ್ತೆ, ನಿಜ. ಆದರೆ ನಮ್ಮ ಹಳೇ ತೋಟದಲ್ಲಿ ಎರಡು ಸಾಲಿಗೊಂದು ಬಸಿಗಾಲುವೆ ಇದೆ, ಅಲ್ಲಿಗೆ ಯಾವ ಟ್ರ್ಯಾಕ್ಟರೂ ಇಳಿಯೋದಿಲ್ಲ. ಗದ್ದೆ ತೆಗೆದು ಹಾಕಿದ ಹೊಸ ತೋಟಕ್ಕೆ ಮಾತ್ರ ಅದು. ಇನ್ನು ಸಾಲಿನೊಳಗೆ ಹೋಗಲಿ ಅಂತ ಕಿರಿದು ಮಾಡಿದಷ್ಟೂ ಇಳಿಜಾರಿನಲ್ಲಿ ಪಕ್ಕಕ್ಕೆ ಮಗುಚೋದು ಸುಲಭ. ಟ್ರ್ಯಾಕ್ಟರು ನಾಲ್ಕು ಚಕ್ರದ ಮೇಲೆ ನಿಂತ ಹಾಗೆ ಕಂಡರೂ ಮುಂದಿನ ಆಕ್ಸಲ್ಲು ನಡುವಿನ ಒಂದು ಪಿನ್ನಿನ ಮೇಲೆ ಓಲಾಡುತ್ತೆ. ಹಾಗಾಗಿ ಅದು ನಿಜಕ್ಕೂ ನಿಂತಿರೋದು ಹಿಂದಿನ ಎರಡು ಚಕ್ರ, ಮುಂದಿನ ಒಂದು ಪಿನ್ನು, ಈ ಮೂರರ ಮೇಲೆ. ಮೂರು ಕಾಲಿನ ಸ್ಟೂಲು.

ಧರೆ ಪಕ್ಕದ ದಾರಿಯ ಬಗ್ಗೆ ಹೇಳಿದೆ. ಇಳಿಯುವಾಗ ಫೋರ್ ವೀಲ್ ಹಾಕಿಕೊಂಡೇ, ಕೆಳಗಿನ ಗೇರಿನಲ್ಲೇ ಇಳಿ. ಇಂಥ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಇರೋದು ಹಿಂದಿನ ಚಕ್ರಕ್ಕೆ ಮಾತ್ರ, ಫೋರ್ ವೀಲ್ ಹಾಕಿದರೆ ಮುಂದಿನ ಚಕ್ರವೂ ಹಿಡಿಯುತ್ತೆ. ಕಡಿದಾದ ಏರು ಸಿಕ್ಕರೆ ಖಾಲಿ ಟ್ರ್ಯಾಕ್ಟರನ್ನು ರಿವರ್ಸಿನಲ್ಲಿ ಹತ್ತಿಸು, ಮೂತಿ ಏಳೋದಿಲ್ಲ. ಮಡ್‌ಗಾರ್ಡ್ ಮೇಲೆ ಯಾರನ್ನೂ ಕೂರಿಸಬೇಡ, ಮಗಳು ಎಷ್ಟೇ ಹಟ ಮಾಡಲಿ. ಮತ್ತೆ, ಕಮಾನು ಇರೋದನ್ನೇ ತಗೋ.

ಅವನು ನಕ್ಕ. "ಇಲ್ಲಿ ಎಲ್ಲರೂ ಬಿಸಿಲಿಗೆ ಮೇಲೆ ಟಾಪ್ ಹಾಕಿಸ್ತಾರೆ ಅಣ್ಣಯ್ಯ, ಕಮಾನು ಯಾರ ಹತ್ರನೂ ನೋಡಿಲ್ಲ. ಬೇಕಾದ್ರೆ ನಮ್ಮ ವೆಲ್ಡಿಂಗ್ ಶಾಪಿನವನ ಹತ್ರ ಪೈಪಲ್ಲಿ ಮಾಡಿಸ್ತೀನಿ ಬಿಡು."

ಆಗ ನನ್ನ ದನಿ ಸ್ವಲ್ಪ ಏರಿತು. ತಗಡಿನ ಟಾಪು ನೆರಳು ಕೊಡುತ್ತೆ, ಟನ್ ಭಾರ ಹೊರೋದಿಲ್ಲ. ವೆಲ್ಡಿಂಗ್ ಪೈಪು ಯಾವ ಪರೀಕ್ಷೆಯನ್ನೂ ದಾಟಿ ಬಂದದ್ದಲ್ಲ, ಮುರಿಯೋದು ನಿನ್ನ ಬೆನ್ನ ಮೇಲೇ. ಕಂಪನಿಯೇ ಆ ಮಾಡೆಲ್ಲಿಗೆ ಅಂತ ಮಾಡಿದ್ದು ಬೇಕು. ಇಷ್ಟು ಹೇಳಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ದೂರ ಕೂತು ಹೇಳೋದು ಸುಲಭ, ಮಳೆಯಲ್ಲಿ ಗೊಬ್ಬರ ಹೊರುವವನು ಅವನು. ಅದೂ ಗೊತ್ತು. "ಆ ಎತ್ತು ನೆನಪಿದೆಯೇನೋ?" ಅಂತ ಕೇಳಿದೆ. "ನಾನು ಆಗ ಎರಡನೇ ಕ್ಲಾಸು. ಆದ್ರೂ ನೆನಪಿದೆ" ಅಂದ.

ನಿನ್ನೆ ಫೋಟೋ ಕಳಿಸಿದ್ದಾನೆ. ಅಂಗಳದಲ್ಲಿ ಪುಟ್ಟ ಟ್ರ್ಯಾಕ್ಟರು, ಬಾನೆಟ್ಟಿಗೆ ಅರಿಶಿನ ಕುಂಕುಮ, ಸೇವಂತಿಗೆ ಹಾರ, ಮುಂದಿನ ಚಕ್ರದಡಿ ನಿಂಬೆಹಣ್ಣು. ಪಕ್ಕದಲ್ಲಿ ಅಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಾಳೆ. ಸೀಟಿನ ಹಿಂದೆ ಏನೂ ಕಾಣಲಿಲ್ಲ. ಮನಸ್ಸು ಸ್ವಲ್ಪ ಪಿಚ್ಚೆನ್ನಿಸಿತು. ಕೆಳಗೆ ಬರೆದಿದ್ದ: "ಕಮಾನು ಕಂಪನಿಯಿಂದ ಬರಕ್ಕೆ ಮೂರು ವಾರ ಅಂತೆ. ಅಲ್ಲೀವರೆಗೆ ತೋಟದ ದಾರಿಗೆ ಇಳಿಸಲ್ಲ, ಅಂಗಳದಲ್ಲೇ ಇರುತ್ತೆ. ಅಮ್ಮನ ಆಣೆ."

ಮೂರು ವಾರ ತಾನೇ, ಕಾಯೋಣ.